ಗುರಿ ತಪ್ಪಿದ ಗುಂಡಿನ ಬೆಲೆ ಅರಿತಿದ್ದ ಬೇಟೆಗಾರ ಕೆನೆತ್ ಆಂಡರ್ಸನ್

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಿಂದ ಹಿಡಿದು ಮಲೆನಾಡಿನ ಹಳ್ಳಿಗಳವರೆಗೆ ಕನ್ನಡ ಓದುಗರು ಇರುವಲ್ಲೆಲ್ಲ ಕೆನೆತ್ ಆಂಡರ್ಸನ್ ಅವರ ಹೆಸರು ಪರಿಚಿತ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಮಾಲೆಯ ನಾಲ್ಕು ಸಂಪುಟಗಳಲ್ಲಿ ಆಂಡರ್ಸನ್ ಅವರ ಶಿಕಾರಿ ಅನುಭವಗಳನ್ನು ಕನ್ನಡಕ್ಕೆ ತಂದ ಮೇಲೆ, ಬೆಂಗಳೂರಿನ ಈ ಬೇಟೆಗಾರ ಕನ್ನಡಿಗರ ಮನೆಯವನೇ ಆಗಿಬಿಟ್ಟರು. ನರಭಕ್ಷಕಗಳನ್ನು ಕೊಂದ ಸಾಹಸಿ ಎಂದೇ ಅವರನ್ನು ನೆನೆಯುವುದು ವಾಡಿಕೆ. ಆದರೆ ಅವರ ಬದುಕಿನ ಬಹುಭಾಗ ಕಳೆದದ್ದು ಬೇರೆಯವರ ಕೋವಿಯಿಂದ ಗುರಿ ತಪ್ಪಿ ಹಾರಿದ ಗುಂಡುಗಳ ದುಷ್ಪರಿಣಾಮವನ್ನು ಸರಿಪಡಿಸುವುದರಲ್ಲಿ ಎಂಬುದನ್ನು ಗಮನಿಸಿದವರು ಕಡಿಮೆ.

ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಸಮೀಪದ ಬೊಲಾರಂನಲ್ಲಿ. ಹಲವು ತಲೆಮಾರುಗಳ ಹಿಂದೆಯೇ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ ಅವರದು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿದರು. ಮುಂದೆ ನಗರದ ವಿಮಾನ ಕಾರ್ಖಾನೆಯಲ್ಲಿ ಉನ್ನತ ಹುದ್ದೆಯಲ್ಲಿ ದುಡಿದರು. ಕನ್ನಡ, ತಮಿಳು ಎರಡನ್ನೂ ನಿರರ್ಗಳವಾಗಿ ಆಡುತ್ತಿದ್ದ ಅವರಿಗೆ ಹಳ್ಳಿಗರು ಮನಬಿಚ್ಚಿ ಸುದ್ದಿ ಹೇಳುತ್ತಿದ್ದರು. ಬಿಡುವು ಸಿಕ್ಕಾಗಲೆಲ್ಲ ಅವರ ಪಯಣ ಕಾಡಿನತ್ತ ಸಾಗುತ್ತಿತ್ತು. 1939ರಿಂದ 1966ರವರೆಗೆ ಅವರು ಎಂಟು ನರಭಕ್ಷಕ ಚಿರತೆಗಳನ್ನೂ ಏಳು ನರಭಕ್ಷಕ ಹುಲಿಗಳನ್ನೂ ಕೊಂದರೆಂಬುದು ಅಧಿಕೃತ ಲೆಕ್ಕ. ವಿಂಚೆಸ್ಟರ್ ಕಂಪೆನಿಯ .405 ರೈಫಲ್ ಅವರ ಬಹುಕಾಲದ ಸಂಗಾತಿಯಾಗಿತ್ತು.

ಗುಂಡು ಎಲ್ಲಿ ತಾಗಬೇಕು?

ಆ ಕಾಲದಲ್ಲಿ ಜಿಂಕೆ, ಕಡವೆಗಳ ಬೇಟೆ ಪಟ್ಟಣದ ಉಳ್ಳವರಿಗೆ ವಾರಾಂತ್ಯದ ವಿನೋದವಾಗಿತ್ತು. ಪರವಾನಗಿ, ನಿಷೇಧದ ಋತು ಮುಂತಾದ ನಿಯಮಗಳಿದ್ದರೂ ಅವುಗಳಾಚೆಗೆ ಬಲ್ಲ ಶಿಕಾರಿಗಳು ತಾವೇ ಪಾಲಿಸುತ್ತಿದ್ದ ಕಟ್ಟಳೆಯೊಂದಿತ್ತು. ಮಿಗವು ಅಡ್ಡಲಾಗಿ ನಿಂತಾಗ, ಮುಂಗಾಲಿನ ತುಸು ಹಿಂದೆ, ಎದೆಗೂಡಿನ ಕೆಳಭಾಗಕ್ಕೆ ಗುರಿ ಇಡಬೇಕು. ಹೃದಯ ಮತ್ತು ಶ್ವಾಸಕೋಶ ಇರುವುದು ಅಲ್ಲಿಯೇ. ಅಲ್ಲಿ ಗುಂಡು ತಾಗಿದರೆ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಉರುಳುತ್ತದೆ. ಅದೇ ಗುಂಡು ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ಹೊಕ್ಕರೆ, ಗಾಯಗೊಂಡ ಜಿಂಕೆ ಮೈಲಿಗಟ್ಟಲೆ ಓಡಿ, ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಓಡುವ ಪ್ರಾಣಿಗೆ, ಬೆನ್ನು ತಿರುಗಿಸಿದ ಪ್ರಾಣಿಗೆ, ಅಳತೆ ಮೀರಿದ ದೂರಕ್ಕೆ ಈಡು ಹಾಕಬಾರದೆಂಬ ನಿಯಮಕ್ಕೆ ಕಾರಣ ಇದೇ. ಕುದುರೆ ಬಿಗಿಯದೆ ಕೋವಿ ಇಳಿಸುವುದೂ ಬೇಟೆಯ ಒಂದು ವಿದ್ಯೆ ಎನಿಸಿತ್ತು.

ಗುಂಡು ತಾಗಿಯೂ ಮಿಗ ಬೀಳದಿದ್ದರೆ ರಕ್ತದ ಜಾಡು ಓದಬೇಕಾಗುತ್ತಿತ್ತು. ನೊರೆ ಬೆರೆತ ತಿಳಿಗೆಂಪು ರಕ್ತವು ಶ್ವಾಸಕೋಶದ ಗಾಯದ ಗುರುತು. ಕಪ್ಪು ಛಾಯೆಯ ರಕ್ತ ಯಕೃತ್ತಿನದು. ರಕ್ತದೊಡನೆ ಜೀರ್ಣವಾಗದ ಹುಲ್ಲು ಕಂಡರೆ ಹೊಟ್ಟೆಯ ಗಾಯ. ಗಾಯಗೊಳಿಸಿದವನೇ ಜಾಡು ಹಿಡಿದು ಹೋಗಿ ನೋವಿಗೆ ಕೊನೆ ಹಾಡಬೇಕೆಂಬುದು ಆಂಡರ್ಸನ್ ಕಡೆಯವರೆಗೂ ನೆಚ್ಚಿದ್ದ ನೀತಿ.

ಬೈರನ ಪಾಠ

ಈ ವಿದ್ಯೆಯಲ್ಲಿ ಅವರಿಗೆ ಗುರುವಾದವನು ಬೈರ ಎಂಬ ಪೂಜಾರಿ ಬುಡಕಟ್ಟಿನ ಬಡವ. ಚಿನ್ನಾರ್ ಹೊಳೆಯ ದಂಡೆಯ ಬಿಲವೊಂದರಲ್ಲಿ ಸಂಸಾರ ಹೂಡಿದ್ದ ಬೈರ ನಾಡಬಂದೂಕು ಹಿಡಿದು ಕಳ್ಳಬೇಟೆಯಾಡುತ್ತಿದ್ದವನು. ಕಾಯಿದೆಯ ಕಣ್ಣಿನಲ್ಲಿ ಅಪರಾಧಿಯಾಗಿದ್ದ ಆತನನ್ನು ಆಂಡರ್ಸನ್ ಗೆಳೆಯನನ್ನಾಗಿ ಮಾಡಿಕೊಂಡರು, ತಮ್ಮ ಮೊದಲ ಪುಸ್ತಕದಲ್ಲಿಯೇ ಒಂದು ಅಧ್ಯಾಯವನ್ನು ಆತನಿಗೆ ಮೀಸಲಿಟ್ಟರು. ಹಸಿವಿಗಾಗಿ ಕೊಲ್ಲುವವನಿಗೂ ಮೋಜಿಗಾಗಿ ಕೊಲ್ಲುವವನಿಗೂ ಇರುವ ಅಂತರವನ್ನು ಅವರು ಬಲ್ಲವರಾಗಿದ್ದರು.

ಒಂದು ಗುಂಡು, ಹಲವು ಸಾವು

ಆಂಡರ್ಸನ್ ಅವರ ಮೊದಲ ಪುಸ್ತಕ 1954ರಲ್ಲಿ ಹೊರಬಂದಿತು. ಅದರ ಮೊದಲ ಕಥೆಯೇ ಗುರಿ ತಪ್ಪಿದ ಗುಂಡಿನದು. ಆನೇಕಲ್‌ನಾಚೆ, ಇಂದು ತಮಿಳುನಾಡಿಗೆ ಸೇರಿರುವ ಜವಳಗಿರಿಯ ಕಾಡಿನಲ್ಲಿ ಜೋಡಿ ಕಳೆದುಕೊಂಡ ಹೆಣ್ಣುಹುಲಿಯೊಂದಕ್ಕೆ ಯುವ ಬೇಟೆಗಾರನೊಬ್ಬ ಅತಿ ಸಮೀಪದಿಂದ ಈಡು ಹಾಕಿದ. ಗುಂಡು ಮರ್ಮಸ್ಥಾನಕ್ಕೆ ತಾಗದೆ ಭುಜವನ್ನು ಸೀಳಿತು. ಹುಲಿ ತಪ್ಪಿಸಿಕೊಂಡಿತು, ಬಳಿಕ ನರಭಕ್ಷಕವಾಯಿತು. ಅದರ ಬೆಲೆ ತೆತ್ತವರು ಆ ಕೋವಿಯನ್ನು ಕಂಡೂ ಇರದ ಹಳ್ಳಿಗರು.

ನರಭಕ್ಷಕ ಹುಟ್ಟುವುದರ ಹಿಂದೆ ಬಹುಮಟ್ಟಿಗೆ ಮನುಷ್ಯನ ಕೈವಾಡವೇ ಇರುತ್ತದೆ ಎಂಬ ನಿಲುವು ಆಂಡರ್ಸನ್ ಅವರ ಬರಹಗಳ ಉದ್ದಕ್ಕೂ ಕಾಣುತ್ತದೆ. ಕಾಲು ಊನವಾದ, ದವಡೆ ಮುರಿದ ಹುಲಿ ಅಥವಾ ಚಿರತೆ ವೇಗದ ಜಿಂಕೆಯನ್ನು ಹಿಡಿಯಲಾರದೆ ದನಗಳತ್ತ, ಕೊನೆಗೆ ಮನುಷ್ಯರತ್ತ ತಿರುಗುತ್ತದೆ. ಜಿಂಕೆಗಾಗಿ ಹೊಂಚು ಹಾಕಿ ಕುಳಿತವರ ನಾಡಬಂದೂಕಿನ ಚರೆಗಳು ಇಂಥ ಪ್ರಾಣಿಗಳ ಮೈಯಲ್ಲಿ ಸಿಗುವುದು ಅಪರೂಪವಲ್ಲ. ನೀರುಹೊಂಡದ ಬಳಿ ಹೊಂಚುವುದು, ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತ ಜಿಂಕೆಗಳಿಗೆ ವಾಹನದಿಂದಲೇ ಗುಂಡು ಹಾರಿಸುವುದು ಅವರ ತಿರಸ್ಕಾರಕ್ಕೆ ಗುರಿಯಾಗಿದ್ದವು.

ಕೋವಿಯಿಂದ ಕ್ಯಾಮೆರಾಕ್ಕೆ

ವಯಸ್ಸು ಮಾಗಿದಂತೆ ಆಂಡರ್ಸನ್ ಕೋವಿಗಿಂತ ಕ್ಯಾಮೆರಾವನ್ನು ಹೆಚ್ಚು ನೆಚ್ಚಿದರು. ತಾವು ತರುಣರಾಗಿದ್ದಾಗ ಜಿಂಕೆಯ ಹಿಂಡುಗಳಿಂದ ತುಂಬಿದ್ದ ಕಾಡುಗಳು ಬರಿದಾಗುತ್ತಿದ್ದುದನ್ನು ಕಣ್ಣಾರೆ ಕಂಡು ವನ್ಯಜೀವಿಗಳ ಉಳಿವಿಗಾಗಿ ಬರೆದರು. 1970ರಲ್ಲಿ ಹುಲಿ ಬೇಟೆಗೆ ದೇಶದಾದ್ಯಂತ ನಿಷೇಧ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ರೂಪುಗೊಂಡಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಮರುವರ್ಷ, 1974ರ ಆಗಸ್ಟ್ 30ರಂದು, ಆಂಡರ್ಸನ್ ಕ್ಯಾನ್ಸರ್‌ನಿಂದ ನಿಧನರಾದರು. 1972ರ ಕಾಯಿದೆಯಲ್ಲಿ ಉಳಿದಿದ್ದ ಬೇಟೆ ಪರವಾನಗಿಯ ಅವಕಾಶವೂ 1991ರ ತಿದ್ದುಪಡಿಯೊಂದಿಗೆ ಕೊನೆಗೊಂಡಿತು. ಇಂದು ವಿನೋದಕ್ಕಾಗಿ ಜಿಂಕೆಗೆ ಗುರಿ ಇಡುವುದೇ ಅಪರಾಧ.

ಹಾಗೆಂದು ಅವರ ಪಾಠ ಹಳತಾಗಿಲ್ಲ. ಕಾಡಂಚಿನಲ್ಲಿ ನಾಡಬಂದೂಕುಗಳು ಇನ್ನೂ ಸದ್ದು ಮಾಡುತ್ತಿವೆ. ಕಾಡುಹಂದಿ, ಜಿಂಕೆಗಳಿಗೆಂದು ಒಡ್ಡಿದ ತಂತಿ ಉರುಳುಗಳಿಗೆ ಚಿರತೆಗಳು ಸಿಲುಕುತ್ತಿವೆ. ಗಾಯಗೊಂಡ ಪ್ರಾಣಿ ತನ್ನನ್ನು ನೋಯಿಸಿದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ದಾರಿಯಲ್ಲಿ ಎದುರಾದ ಸೌದೆ ಹೊತ್ತವಳನ್ನೋ ದನ ಕಾಯುವ ಹುಡುಗನನ್ನೋ ಎರಗುತ್ತದೆ. ಬೆಂಗಳೂರಿನ ಈ ಬೇಟೆಗಾರ ಜೀವಮಾನವಿಡೀ ಕಂಡದ್ದು, ಬರೆದದ್ದು ಈ ಸತ್ಯವನ್ನೇ.