ಡಾ. ವಸಂತ ರಾಮಜಿ ಖಾನೋಲ್ಕರ್

ಉಮರಗಾ, ನಿಲಂಗಾ, ಉದಗೀರದ ಕಟ್ಟೆಗಳ ಮೇಲೆ ಹಿರಿಯರು ಅಂಗೈಯಲ್ಲಿ ಸುಣ್ಣ-ತಂಬಾಕು ತಿಕ್ಕುವುದನ್ನು ಮಕ್ಕಳಾದ ನೀವು ದಿನವೂ ಕಾಣುತ್ತೀರಿ. ಆ ಚಿಟಿಕೆಯ ಜಾಡು ಹಿಡಿದ ವಿಜ್ಞಾನಿ ಖಾನೋಲ್ಕರ್.

೧೮೯೫ರಲ್ಲಿ ಜನಿಸಿದ ಇವರು ಲಂಡನ್ನಿನಲ್ಲಿ ರೋಗಶಾಸ್ತ್ರ ಕಲಿತು, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಾಲಯಗಳ ಮುಖ್ಯಸ್ಥರಾದರು. ೧೯೪೪ರಲ್ಲಿ ಬಾಯಿ ಕ್ಯಾನ್ಸರಿನ ೧೦೦೦ ರೋಗಿಗಳ ಪರಿಶೀಲನೆಯನ್ನು ಪ್ರಕಟಿಸಿದರು. ಮರುವರ್ಷ ಸೂರ್ಯಾಬಾಯಿ ಅವರೊಡನೆ ಬರೆದ ಲೇಖನದಲ್ಲಿ, ಸುಣ್ಣ-ತಂಬಾಕು ಇಟ್ಟುಕೊಳ್ಳುವ ತುಟಿಯಲ್ಲಿಯೇ ಕ್ಯಾನ್ಸರ್ ಹುಟ್ಟುವುದನ್ನು ತೋರಿಸಿದರು. ಧೋತರ ಬಿಗಿಯುವ ಸೊಂಟದ ಕ್ಯಾನ್ಸರನ್ನೂ ಅದರಲ್ಲಿಯೇ ವಿವರಿಸಿದರು. ಧೋತರ ಉಡುವವರ ಮನೆಯಲ್ಲಿ ಬೆಳೆದ ನನಗೆ ಇದು ಅಚ್ಚರಿಯೇ! ೧೯೫೨ರಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದ ಪ್ರಥಮ ನಿರ್ದೇಶಕರಾದರು.

ತಂಬಾಕಿನ ಯಾವ ರಾಸಾಯನಿಕ ಕೇಡು ಮಾಡುತ್ತದೆಂಬುದು ಮುಂದೆ ತಿಳಿಯಿತು. ಅದರಲ್ಲಿಯ ನೈಟ್ರೊಸಮೈನುಗಳನ್ನು ಹೊರಹಾಕಲೆಂದು ದೇಹ ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟಾಗಲೇ ಅವು ಜೀವಕೋಶದ ಡಿ.ಎನ್.ಎ.ಗೆ ಅಂಟಿಕೊಂಡು ಅದನ್ನು ಕೆಡಿಸುತ್ತವೆ.