ಎರಡು ಸಂಗೀತಗಳ ಮಹಾರಾಜರು

ಕಳೆದ ವರ್ಷ ಹಳೇಬೀಡಿನ ಕಡೆಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಪಿಯಾನೋ ಕಲಿಯಬೇಕೆಂದು ಅಪೇಕ್ಷಿಸಿದಳು. ಅದು ಬಿಳಿಯರ ವಾದ್ಯ, ಗುಡಿಯ ಗೋಡೆಯ ಮೇಲೆ ಮದ್ದಳೆ ಬಾರಿಸುವವರನ್ನು ಕಂಡು ಬೆಳೆದ ಮಕ್ಕಳಿಗೆ ಅದೇತಕ್ಕೆಂದು ಆಕೆಯ ಮನೆಯವರು ಕೇಳಿದರು. ಅದೇ ತಿಂಗಳಲ್ಲಿ ಬೇಲೂರಿನ ತಂದೆಯೊಬ್ಬರು ಮಿಶನ್ ಶಾಲೆಯಲ್ಲಿ ವೀಣೆಯೇಕೆಂದು ನಮ್ಮನ್ನು ವಿಚಾರಿಸಿದರು. ಇಬ್ಬರಿಗೂ ತಕ್ಕ ಉತ್ತರ ಕೊಡಲಾರದೆ ಹೋದೆವು. ಈ ಸೀಮೆಯನ್ನೂ ಆಳಿದ ಶ್ರೀ ಜಯಚಾಮರಾಜ ಒಡೆಯರವರ ಜೀವಿತವು ಆಗ ನೆನಪಿಗೆ ಬಂದಿದ್ದರೆ ಉತ್ತರವು ಬಾಯಲ್ಲೇ ಇರುತ್ತಿತ್ತು.

ಅವರು 1919ನೆಯ ಇಸವಿ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತಂದೆ; ನಾಲ್ವಡಿ ಕೃಷ್ಣರಾಜ ಒಡೆಯರು ದೊಡ್ಡಪ್ಪ. ಅರಮನೆಯಲ್ಲಿ ವೈಣಿಕರೂ ಇದ್ದರು, ಇಂಗ್ಲಿಷ್ ಬ್ಯಾಂಡಿನವರೂ ಇದ್ದರು. ಆದಕಾರಣ ಬಾಲಕರ ಕಿವಿಗೆ ಎರಡರಲ್ಲಿ ಯಾವುದೂ ಪರಕೀಯವೆಂದು ತೋರಲಿಲ್ಲ. ಅವರು ಪಿಯಾನೋವನ್ನು ಕಲಿತರು; ಅದರಲ್ಲಿ ಹಾಳತವಾಗಿ ಅಲ್ಲ, ಸಭೆಗಳಲ್ಲಿ ನುಡಿಸುವ ವಾದಕರಾಗಬೇಕೆಂಬಷ್ಟು ಮನಸ್ಸಿಟ್ಟು ಕಲಿತರು. 1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವೀಧರರಾದರು. ಆದರೆ 1940ರ ಮಾರ್ಚಿಯಲ್ಲಿ ತಂದೆಯವರೂ ಆಗಸ್ಟಿನಲ್ಲಿ ದೊಡ್ಡಪ್ಪನವರೂ ತೀರಿಕೊಂಡರು. ಇಪ್ಪತ್ತೊಂದು ವಯಸ್ಸಿನಲ್ಲಿ ರಾಜ್ಯಭಾರವು ಹೆಗಲಿಗೆ ಬಿದ್ದಿತು. ವಾದಕರಾಗುವ ಆಸೆಯು ಅಲ್ಲಿಗೆ ಮುಗಿಯಿತು.

ಆಸೆಯು ಮುಗಿದರೂ ಪ್ರೀತಿಯು ಮುಗಿಯಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ಆ ಕಾಲದಲ್ಲಿ ರಷ್ಯಾದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತಕಾರರು ರೋಗದಿಂದಲೂ ಬಡತನದಿಂದಲೂ ಬಳಲುತ್ತಿದ್ದರು. ಯೂರೋಪಿನವರೇ ಬಹುಮಟ್ಟಿಗೆ ಮರೆತಿದ್ದ ಅವರ ಕೃತಿಗಳನ್ನು ಮೈಸೂರಿನ ದೊರೆಯು ಮೆಚ್ಚಿ, ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಅವರ ಕೈಯಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಅಚ್ಚಾಗುವಂತೆ ಹಣವೊದಗಿಸಿದರು. ಕೃತಜ್ಞತೆಯಿಂದ ಮೆಟ್ನರರು ತಮ್ಮ ಮೂರನೆಯ ಪಿಯಾನೋ ಕಾನ್ಸೆರ್ಟೋವನ್ನು ಅವರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರೂ ಆ ತಟ್ಟೆಗಳು ಉಳಿದವು. ಬಿಳಿಯರ ಸಂಗೀತವನ್ನು ಕರಿಯನು ಹೇಗೆ ಬಲ್ಲನೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲವೆಂದು ನಮಗೆ ತೋರುತ್ತದೆ.

ಪರದೇಶದ ಸಂಗೀತಕ್ಕೆ ಮಾರುಹೋದವರು ಸ್ವದೇಶದ್ದನ್ನು ತೊರೆದಿರಬೇಕೆಂದು ಕೆಲವರು ಊಹಿಸುವರು. ಅದು ತಪ್ಪು. ಇದೇ ಅರಸರು ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತು, ಶ್ರೀವಿದ್ಯಾ ಎಂಬ ಅಂಕಿತದಿಂದ 90ಕ್ಕೂ ಮೇಲ್ಪಟ್ಟ ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಇಂದಿಗೂ ವಿದ್ವಾಂಸರು ಅವುಗಳನ್ನು ಹಾಡುತ್ತಾರೆ.

1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷವೇ ಗತಿಸಿದ್ದ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸರ ಕಡೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಅದಕ್ಕೆ 4,800 ಡಾಲರುಗಳ ಭರವಸೆಯಿತ್ತವರು ನಮ್ಮ ಮಹಾರಾಜರೇ. ತಾವು ಹೋಗಲಾಗಲಿಲ್ಲ, ಅಂದಿನ ಗಾನದ ಮುದ್ರಣವನ್ನು ಮೈಸೂರಿಗೆ ತರಿಸಿಕೊಳ್ಳುವುದೇ ಅವರ ಉದ್ದೇಶವಾಗಿತ್ತು.

ತರುವಾಯ ಮೈಸೂರಿನ ರಾಜ್ಯಪಾಲರೂ ಮದರಾಸಿನ ರಾಜ್ಯಪಾಲರೂ ಆಗಿದ್ದು, 1974ನೆಯ ಸೆಪ್ಟೆಂಬರ್ 23ರಂದು 55ನೆಯ ವಯಸ್ಸಿನಲ್ಲಿ ನಿಧನರಾದರು.

ಪಿಯಾನೋ ಕೇಳಿದ ಹುಡುಗಿಯು ಈಗ ಶನಿವಾರಗಳಲ್ಲಿ ಪ್ರಾರ್ಥನಾ ಮಂದಿರದ ಆರ್ಗನ್ನಿನ ಮೇಲೆ ಅಭ್ಯಾಸ ಮಾಡುತ್ತಿದ್ದಾಳೆ. ವೀಣೆಯ ವಿಷಯದಲ್ಲಿ ಬೇಲೂರಿನ ತಂದೆಯವರು ಇನ್ನೂ ಒಪ್ಪಿಲ್ಲ. ಈ ಸಂಚಿಕೆಯ ಪ್ರತಿಯೊಂದನ್ನು ಅವರಿಗೂ ಕಳುಹಿಸುತ್ತಿದ್ದೇವೆ.