ಕಂಕನಾಡಿಯ ಆಲದ ಮರದ ಕೆಳಗೆ ಔಷಧಿ ಪೆಟ್ಟಿಗೆ ಬಿಚ್ಚಿದ ಫಾದರ್ ಮುಲ್ಲರ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯಲ್ಲಿ ಯಾರಿಗಾದ್ರೂ ಕಾಯಿಲೆ ಜೋರಾದ್ರೆ ನಮಗಿರೋದು ಎರಡೇ ದಾರಿ. ಒಂದು ಶಿವಮೊಗ್ಗ. ಇಲ್ಲಾಂದ್ರೆ ಆಗುಂಬೆ ಘಾಟಿಯೋ ಹುಲಿಕಲ್ ಘಾಟಿಯೋ ಇಳಿದು ಮಣಿಪಾಲ, ಮಂಗಳೂರು. ಮಂಗಳೂರಿಗೆ ಹೋದವರ ಬಾಯಲ್ಲಿ ಬರುವ ಹೆಸರುಗಳಲ್ಲಿ ಮುಲ್ಲರ್ ಅನ್ನೋದೂ ಒಂದು. ಮುಲ್ಲರ್‌ಗೆ ಸೇರಿಸಿದ್ದೀವಿ ಅಂತ ಫೋನ್ ಬಂದ್ರೆ ಕಂಕನಾಡಿಯ ಆ ದೊಡ್ಡ ಆಸ್ಪತ್ರೆ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಆದರೆ ಮುಲ್ಲರ್ ಅನ್ನೋರು ಒಬ್ಬ ಮನುಷ್ಯ, ಮೊದಲು ಮೇಷ್ಟ್ರಾಗಿದ್ದರು, ಡಾಕ್ಟರ್ ಕೆಲಸವನ್ನ ಒಂದು ಪೆಟ್ಟಿಗೆ ಗುಳಿಗೆಯಿಂದ ಶುರು ಮಾಡಿದರು ಅನ್ನೋದು ಕೆಲವರಿಗೆ ಮಾತ್ರ ಗೊತ್ತು.

ಆಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತ್ಯದಲ್ಲಿ. ಯೇಸು ಸಭೆ, ಅಂದರೆ ಜೆಸ್ವಿಟ್ ಪಾದ್ರಿಗಳ ಪಂಗಡ ಸೇರಿದರು. ಕಾಲ ಆ ಪಂಗಡಕ್ಕೆ ಒಳ್ಳೇದಾಗಿರಲಿಲ್ಲ. 1872ರಲ್ಲಿ ಬಿಸ್ಮಾರ್ಕ್ ಸರ್ಕಾರ ಜೆಸ್ವಿಟರನ್ನ ಜರ್ಮನಿಯಿಂದಲೇ ಹೊರಗೆ ಹಾಕಿತು. ಇತ್ತ ಮಂಗಳೂರಿನ ಕ್ಯಾಥೊಲಿಕರು ತಮ್ಮ ಊರಿಗೆ ಓದಿಸುವ ಪಾದ್ರಿಗಳು ಬೇಕು ಅಂತ ರೋಮಿಗೆ ಮನವಿ ಮೇಲೆ ಮನವಿ ಕಳಿಸುತ್ತಿದ್ದರು. ಕೊನೆಗೆ 1878ರ ಡಿಸೆಂಬರ್ 31ರಂದು ಜೆಸ್ವಿಟರ ಮೊದಲ ತಂಡ ಮಂಗಳೂರಿಗೆ ಬಂದು ಇಳಿಯಿತು. ಹೆಚ್ಚಿನವರು ಇಟಲಿಯವರು. ಅವರ ಜೊತೆ ಬಂದ ಜರ್ಮನಿಯವರು ಮುಲ್ಲರ್. ಆಗ ವಯಸ್ಸು 37.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಮುಲ್ಲರ್ ಅಲ್ಲಿ ಗಣಿತ ಮೇಷ್ಟ್ರು. ಬರುವಾಗ ಒಂದು ಹೋಮಿಯೋಪಥಿ ಔಷಧಿ ಪೆಟ್ಟಿಗೆ ತಂದಿದ್ದರು. ಹುಡುಗರಿಗೆ ಜ್ವರ, ಹೊಟ್ಟೆನೋವು ಅಂದರೆ ಅದರಿಂದ ನಾಲ್ಕು ಗುಳಿಗೆ ಕೊಡೋದು. ಹುಡುಗರು ಮನೆಗೆ ಹೋಗಿ ಹೇಳಿದರು, ಮನೆಯವರು ಪಕ್ಕದ ಮನೆಗೆ ಹೇಳಿದರು. ನಮ್ಮ ಕಡೆ ನಾಟಿ ಮದ್ದು ಕೊಡೋರ ಹೆಸರು ಹಬ್ಬೋದೂ ಹೀಗೇ ತಾನೆ. ಜನ ಜಾಸ್ತಿಯಾದ ಮೇಲೆ ಕಾಲೇಜಿನ ಜಾಗ ಸಾಲದೆ ಕಂಕನಾಡಿಯಲ್ಲಿ ಒಂದು ಆಲದ ಮರದ ಕೆಳಗೆ ಪೆಟ್ಟಿಗೆ ಬಿಚ್ಚಿ ಕೂತರು. ಇವತ್ತಿನ ಅಷ್ಟೂ ಕಟ್ಟಡಗಳ ಮೂಲ ಅದು.

ಮಿಷನ್ ಅಂದ ಕೂಡಲೇ ಮತಾಂತರದ ಮಾತು ಬರುತ್ತೆ. ಮುಲ್ಲರ್ ಧರ್ಮಪ್ರಚಾರಕ್ಕೆ ಬಂದ ಪಾದ್ರಿಯೇ, ಅದನ್ನ ಮುಚ್ಚಿಡೋ ಅಗತ್ಯ ಇಲ್ಲ. ಆದರೆ ಆ ಜಾಗಕ್ಕಿದ್ದ ಹೆಸರು ನೋಡಿ: ಹೋಮಿಯೋಪಥಿಕ್ ಪೂರ್ ಡಿಸ್ಪೆನ್ಸರಿ. ಬಡವರ ಔಷಧಾಲಯ. ಹೆಸರಿನಲ್ಲಿ ಇದ್ದದ್ದು ಬಡವರು, ಕ್ರೈಸ್ತರು ಅಂತ ಅಲ್ಲ.

ಬೈಬಲಿನಲ್ಲಿ ಯೇಸು ಹೇಳೋ ಒಂದು ಕತೆ ಇದೆ. ದಾರಿಯಲ್ಲಿ ಕಳ್ಳರು ಒಬ್ಬನನ್ನ ಹೊಡೆದು ಬಿಸಾಕಿ ಹೋಗಿರುತ್ತಾರೆ. ಒಬ್ಬ ಪುರೋಹಿತ ಬರುತ್ತಾನೆ, ನೋಡಿ ಆಚೆ ಬದಿಯಿಂದ ಹೋಗುತ್ತಾನೆ. ದೇವಸ್ಥಾನದ ಸೇವೆ ಮಾಡುವ ಇನ್ನೊಬ್ಬನೂ ಹಾಗೇ ಹೋಗುತ್ತಾನೆ. ಆಮೇಲೆ ಬಂದವನು ಸಮಾರ್ಯದವನು, ಆ ಊರಿನ ಜನ ಹತ್ತಿರ ಸೇರಿಸದ ಕುಲದವನು. ಅವನು ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿ, ತನ್ನ ಪ್ರಾಣಿ ಮೇಲೆ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋಗುತ್ತಾನೆ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಇದಕ್ಕಿಂತ ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂತಾನೆ. ಎಲ್ಲರೂ ಸಮಾರ್ಯದವನನ್ನ ಹೊಗಳುತ್ತಾರೆ. ಮಾತಿನ ಮೇಲೆ ನಂಬಿ ಉದ್ರಿ ಇಟ್ಟುಕೊಂಡ ಆ ಛತ್ರದವನ ಬಗ್ಗೆ ಯಾರೂ ಮಾತಾಡಲ್ಲ. ಅಂಗಡಿ ಇಟ್ಟವರಿಗೆ ಮಾತ್ರ ಅವನ ಕಷ್ಟ ಅರ್ಥ ಆಗಬೇಕು.

ಮುಲ್ಲರ್ ಮಾಡಿದ್ದು ಸಮಾರ್ಯದವನ ಕೆಲಸವೂ ಹೌದು, ಛತ್ರದವನ ಕೆಲಸವೂ ಹೌದು. ದಿನಾ ಬರೋರಿಗೆ ಪುಕ್ಕಟೆ ಔಷಧಿ ಕೊಟ್ಟರೆ ದುಡ್ಡು ಎಲ್ಲಿಂದ? ಅವರು ಹೋಮಿಯೋಪಥಿ ಔಷಧಿ ಮಾರಾಟವನ್ನೂ ಇಟ್ಟುಕೊಂಡರು. ಕಂಕನಾಡಿಯಿಂದ ಅಂಚೆ ಪಾರ್ಸೆಲ್ ಮೂಲಕ ದೂರದೂರದ ಊರುಗಳಿಗೆ ಔಷಧಿ ಹೋಯಿತು. ಕೊಳ್ಳುವ ಶಕ್ತಿ ಇದ್ದವರು ಕೊಟ್ಟ ಹಣ ಬಡವರ ಖರ್ಚಿಗೆ ಆಯಿತು. ಗಣಿತದ ಮೇಷ್ಟ್ರಲ್ವಾ, ಲೆಕ್ಕ ಗೊತ್ತಿತ್ತು. ದಾನ ಮಾಡೋರು ತುಂಬಾ ಜನ ಇದ್ದಾರೆ, ದಾನ ನಿಲ್ಲದ ಹಾಗೆ ವ್ಯವಸ್ಥೆ ಮಾಡೋರು ಅಪರೂಪ.

ಇಷ್ಟೇ ಆಗಿದ್ದರೆ ಅವರು ಒಬ್ಬ ಒಳ್ಳೆ ಔಷಧಿ ಪಾದ್ರಿ ಆಗಿ ಉಳಿಯುತ್ತಿದ್ದರೋ ಏನೋ. 1890ರಲ್ಲಿ ಅವರು ಕುಷ್ಠ ರೋಗಿಗಳಿಗೆ ಆಶ್ರಮ ತೆರೆದರು, ಸಂತ ಜೋಸೆಫರ ಹೆಸರಲ್ಲಿ.

ಆಗ ಕುಷ್ಠ ಅಂದರೆ ಏನು ಅನ್ನೋದನ್ನ ಈಗಿನ ಹುಡುಗರಿಗೆ ಹೇಳಬೇಕು. ನಾರ್ವೆಯ ಡಾಕ್ಟರ್ ಹ್ಯಾನ್ಸನ್ ಈ ರೋಗದ ಸೂಕ್ಷ್ಮಜೀವಿ ಕಂಡುಹಿಡಿದದ್ದು 1873ರಲ್ಲಿ. ಆದರೆ ವಾಸಿ ಮಾಡೋ ಔಷಧಿ ಬಂದದ್ದು 1940ರ ದಶಕದಲ್ಲಿ. ನಡುವೆ ಸುಮಾರು 70 ವರ್ಷ. ಅಷ್ಟು ಕಾಲವೂ ಬೆರಳು ಕರಗಿದವರನ್ನ ಮನೆಯಿಂದ ಹೊರಗೆ ಕಳಿಸೋದು, ಊರಾಚೆ ಗುಡಿಸಲು, ಸಂತೆ ಜಾತ್ರೆಯಲ್ಲಿ ಭಿಕ್ಷೆ. 1898ರಲ್ಲಿ ಬ್ರಿಟಿಷ್ ಸರ್ಕಾರ ಕಾನೂನೇ ಮಾಡಿತು, ಬೀದಿಯಲ್ಲಿ ಅಲೆಯೋ ಬಡ ಕುಷ್ಠ ರೋಗಿಗಳನ್ನ ಹಿಡಿದು ಬೇರೆ ಇಡಬಹುದು ಅಂತ. ಆ ಕಾನೂನು ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅಂತ ವಿಚ್ಛೇದನ ಕೇಳುವ ಅವಕಾಶ ಹಿಂದೂಗಳ ವಿವಾಹ ಕಾನೂನಿನಲ್ಲೂ ಇತ್ತು, ಕ್ರೈಸ್ತರ ಕಾನೂನಿನಲ್ಲೂ ಇತ್ತು. ಅದನ್ನ ತೆಗೆದದ್ದು 2019ರಲ್ಲಿ, ಮೊನ್ನೆ ಮೊನ್ನೆ.

ಮುಲ್ಲರ್ ಕೈಯಲ್ಲೂ ಕುಷ್ಠ ವಾಸಿ ಮಾಡೋ ಔಷಧಿ ಇರಲಿಲ್ಲ. ಹೋಮಿಯೋಪಥಿ ಗುಳಿಗೆಯಿಂದ ಕುಷ್ಠ ಹೋಗುತ್ತೆ ಅಂತ ಇವತ್ತು ಯಾವ ಡಾಕ್ಟರೂ ಹೇಳಲ್ಲ. ಆಶ್ರಮದಲ್ಲಿ ಸಿಗುತ್ತಿದ್ದದ್ದು ಬೇರೆ: ಮಲಗೋಕೆ ಜಾಗ, ಹೊತ್ತಿಗೆ ಊಟ, ಗಾಯ ತೊಳೆದು ಕಟ್ಟುವ ಆರೈಕೆ, ಹೆಸರು ಹಿಡಿದು ಮಾತಾಡಿಸೋ ಜನ. ವಾಸಿ ಆಗಲ್ಲ ಅಂತ ಗೊತ್ತಿದ್ದೂ ಅವರನ್ನ ಬಿಟ್ಟು ಹೋಗಲಿಲ್ಲ. ಮುಲ್ಲರ್ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಅನ್ನಿಸುತ್ತೆ.

1895ರಲ್ಲಿ ಬೇರೆ ರೋಗಿಗಳಿಗೂ ಆಸ್ಪತ್ರೆ ಆಯಿತು. ಅಷ್ಟರಲ್ಲಿ ಪ್ಲೇಗ್ ಬಂತು. 1896ರಲ್ಲಿ ಬೊಂಬಾಯಿ, ಎರಡೇ ವರ್ಷದಲ್ಲಿ ಬೆಂಗಳೂರು, ಮೈಸೂರು. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು ಗದ್ದೆ ಬಯಲಲ್ಲಿ ಗುಡಿಸಲು ಹಾಕಿಕೊಂಡು ಕೂರುತ್ತಿತ್ತು. ಮಾರಮ್ಮನ ಸಾಲಿಗೆ ಪ್ಲೇಗಮ್ಮ ಅಂತ ಹೊಸ ದೇವರೂ ಸೇರಿಕೊಂಡಳು. ಜೀವದ ಭಯಕ್ಕೆ ಸ್ವಂತದವರೂ ಹತ್ತಿರ ಬರೋಕೆ ಹೆದರುತ್ತಿದ್ದ ಕಾಲ. 1902ರಲ್ಲಿ ಮುಲ್ಲರ್ ಪ್ಲೇಗ್ ರೋಗಿಗಳಿಗೇ ಅಂತ ಕಂಕನಾಡಿಯಲ್ಲಿ ಆಸ್ಪತ್ರೆ ತೆರೆದರು. ಆಗ ಅವರಿಗೆ 61.

2020ರಲ್ಲಿ ಕೊರೊನಾ ಬಂದಾಗ ಬೆಂಗಳೂರಿಂದ ಬಂದ ಮನೆ ಮಗನನ್ನೇ ಅನುಮಾನದಿಂದ ನೋಡಿದ ಬೀದಿಗಳು ನಮ್ಮಲ್ಲೂ ಇದ್ದವು. ರೋಗಿಯ ಮನೆ ಬಾಗಿಲಿಗೆ ಅಕ್ಕಿ, ಹಾಲು ಇಟ್ಟು ಹೋದ ಅಂಗಡಿಯವರೂ ಇದ್ದರು. ಅದಕ್ಕೂ ಒಂದು ವರ್ಷ ಮೊದಲು ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹಲವರ ಜೀವ ತೆಗೆದಿತ್ತು. ಪ್ಲೇಗ್ ಹಳೇ ಕತೆ ಅನ್ನೋ ಹಾಗಿಲ್ಲ.

ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು. ಕ್ಯಾಥೊಲಿಕರಿಗೆ ಅದು ಸಕಲ ಸಂತರ ಹಬ್ಬ. ಮಂಗಳೂರಿಗೆ ಬಂದು ಹತ್ತಿರ ಹತ್ತಿರ 32 ವರ್ಷ ಆಗಿತ್ತು. ಅವರ ನಂತರ ಆಸ್ಪತ್ರೆ ಬೆಳೆಯಿತು, 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ಮೆಡಿಕಲ್ ಕಾಲೇಜು ಆಯಿತು.

ಕುಷ್ಠಕ್ಕೆ ಈಗ ಬಹು ಔಷಧಿ ಚಿಕಿತ್ಸೆ ಇದೆ. ರೋಗದ ಪ್ರಮಾಣ ನೋಡಿ 6 ತಿಂಗಳು ಇಲ್ಲವೇ 12 ತಿಂಗಳು ಮಾತ್ರೆ ನುಂಗಬೇಕು, ಪೂರ್ತಿ ವಾಸಿಯಾಗುತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮುಲ್ಲರ್ ಹತ್ತಿರ ಇಲ್ಲದೇ ಇದ್ದ ಔಷಧಿ ಇದು. ಆದರೂ ಮೈಮೇಲೆ ಬಿಳಿಚಿದ ಅಥವಾ ಕೆಂಪಗಾದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡರೆ ತೋಳು ಮುಚ್ಚುವ ಅಂಗಿ ಹಾಕಿಕೊಂಡು ಸುಮ್ಮನಿರೋರು ಇದ್ದಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳಿದರೆ ಏನಿಲ್ಲ ಅಂತಾರೆ. ರೋಗದ ಹೆದರಿಕೆಗಲ್ಲ, ಪಕ್ಕದ ಮನೆಯವರು ಏನಂತಾರೋ ಅಂತ.